ಬುಜ್ಜಿಗೆ ಹೊಸ ಹಲ್ಲು

ವೇಮಗಲ್‌ನಲ್ಲಿ ತಾನು ಕೆಲಸ ಮಾಡುವ ಫ್ಯಾಕ್ಟರಿಯ ಗೇಟಿನ ಬಳಿ ಸಿಕ್ಕಿದ ನಾಯಿಮರಿಯನ್ನು ಸರಳಾ ಮನೆಗೆ ತಂದಾಗ ಮಾವ ನರಸಿಂಹಪ್ಪ ಬೇಡವೆನ್ನಲಿಲ್ಲ. ಅವಳು ಮದುವೆಯಾಗಿ ಬಂದು ಆಗಿನ್ನೂ ನಾಲ್ಕು ತಿಂಗಳು. ಮರಿಗೆ ಬುಜ್ಜಿ ಎಂದು ಹೆಸರಿಟ್ಟವರೂ ಅವರೇ.

ಸರಳಾ, ಅವಳ ಗಂಡ ವೇಣು ಇಬ್ಬರೂ ಫ್ಯಾಕ್ಟರಿಗೆ ಹೋದರೆ, ಮಾವ ತೋಟಕ್ಕೆ. ಬುಜ್ಜಿ ಇಡೀ ದಿನ ಅಂಗಳದಲ್ಲಿ ಕಟ್ಟಿದ ಕಡೆಯೇ ಇರುತ್ತಿತ್ತು. ಐದು ತಿಂಗಳು ತುಂಬುವ ಹೊತ್ತಿಗೆ ಸಿಕ್ಕಿದ್ದನ್ನೆಲ್ಲ ಅಗಿಯತೊಡಗಿತು. ಚಪ್ಪಲಿ, ಪೊರಕೆ, ಸರಳಾಳ ಐಡಿ ಕಾರ್ಡಿನ ದಾರ. ಕೊರಳಿನ ಹಗ್ಗವನ್ನಂತೂ ವಾರಕ್ಕೆರಡು ಕಡಿಯುತ್ತಿತ್ತು. ಒಂದು ದಿನ ಹಾಗೇ ಹಗ್ಗ ಕಡಿದುಕೊಂಡು ತೋಟಕ್ಕೆ ಹೋಗಿ, ಆರು ಸಾಲು ಟೊಮೇಟೊಗೆ ಹಾಕಿದ್ದ ಡ್ರಿಪ್ ಪೈಪನ್ನು ಅಗಿದು ತೂತು ಮಾಡಿತು. ನೀರೆಲ್ಲ ಈಚೆಯೇ ಹರಿದುಹೋಗಿ, ಆಚೆ ತುದಿಯ ಗಿಡಗಳು ಬಾಡಿದವು.

ನರಸಿಂಹಪ್ಪ ಕೋಲು ತೆಗೆದುಕೊಂಡು ಬಾರಿಸಿದರು. ಕಬ್ಬಿಣದ ಸರಪಳಿ ಹಾಕಿದರು. ಬುಜ್ಜಿ ಅದನ್ನೂ ಅಗಿದು ಬಾಯಲ್ಲಿ ರಕ್ತ ಮಾಡಿಕೊಂಡಿತು.

"ನಾಳೆ ಟೊಮೇಟೊ ಗಾಡಿ ಕೋಲಾರಕ್ಕೆ ಹೋಗ್ತದೆ. ಮಾರ್ಕೆಟ್ ಹತ್ರ ಬಿಟ್ಟು ಬರೋಕೆ ಹೇಳ್ತೀನಿ" ಎಂದರು.

ಸರಳಾ ಅದುವರೆಗೆ ಮಾವನಿಗೆ ಎದುರಾಡಿದವಳಲ್ಲ. ನೆಲ ನೋಡುತ್ತಲೇ ಹೇಳಿದಳು: "ಹದಿನೈದು ದಿನ ಕೊಡಿ ಮಾವ. ಆಮೇಲೂ ಹಿಂಗೇ ಇದ್ರೆ ನಿಮ್ಮಿಷ್ಟ."

ಮರುದಿನ ಗಾಡಿ ಬುಜ್ಜಿಯಿಲ್ಲದೆಯೇ ಹೋಯಿತು.

ಸರಳಾ ರಜೆ ಹಾಕಿ ಬುಜ್ಜಿಯನ್ನು ಪಶು ಆಸ್ಪತ್ರೆಗೆ ಒಯ್ದಳು. ಡಾಕ್ಟರ್ ವಾಣಿಶ್ರೀ ಅದರ ಬಾಯಿ ಬಿಡಿಸಿ ನೋಡಿದರು. "ಹಾಲುಹಲ್ಲು ಬಿದ್ದು ಹೊಸ ಹಲ್ಲು ಬರ್ತಿದೆ. ವಸಡಲ್ಲಿ ನವೆ ಆಗ್ತದೆ, ಅದಕ್ಕೇ ಅಗಿಯೋದು. ಹೊಡೆದ್ರೆ ನಿಲ್ಲಲ್ಲ. ಅಗಿಯೋಕೆ ಅಂತ್ಲೇ ಬೇರೆ ಏನಾದ್ರೂ ಕೊಡಿ. ಬಾಯಲ್ಲಿ ಹಿಡಿದಿದ್ದನ್ನ ಎಳೀಬೇಡಿ, ಎಳೆದ್ರೆ ಅದಕ್ಕೆ ಆಟ. ರುಚಿಯಾದ್ದು ತೋರಿಸಿ ಬಿಡಿಸ್ಕೊಳ್ಳಿ. ದಿನಾ ಓಡಾಡಿಸಿ."

ಸರಳಾ ಹಳೆಯ ಟವಲಿಗೆ ಗಂಟು ಹಾಕಿ, ನೆನೆಸಿ, ಫ್ರಿಜ್ಜಿನಲ್ಲಿಟ್ಟು ಬುಜ್ಜಿಗೆ ಕೊಟ್ಟಳು. ಸರಪಳಿ ತೆಗೆದು ಮತ್ತೆ ಹಗ್ಗ ಕಟ್ಟಿ, ಅದಕ್ಕೆ ಹಾಗಲಕಾಯಿ ರಸ ಸವರಿದಳು. ಕೆಲಸಕ್ಕೆ ಹೊರಡುವ ಮುಂಚೆ ಕೆರೆ ಏರಿಯ ಮೇಲೆ ಸುತ್ತಾಡಿಸಿದಳು. ಅದು ಏನಾದರೂ ಕಚ್ಚಿದಾಗ ರಾಗಿಮುದ್ದೆಯ ಚೂರು ಹಿಡಿದು "ಬಿಡು" ಎನ್ನುತ್ತಿದ್ದಳು. ಮೊದಲ ವಾರ ಹೆಚ್ಚೇನೂ ಬದಲಾಗಲಿಲ್ಲ. ಮಾವನ ಪಂಚೆಯ ಅಂಚೊಂದು ಹೋಯಿತು. ಆಮೇಲಾಮೇಲೆ ಬುಜ್ಜಿ ತಾನೇ ಟವಲನ್ನು ಹುಡುಕಿಕೊಂಡು ಹೋಗತೊಡಗಿತು.

ಹನ್ನೊಂದನೆಯ ದಿನ ಸರಳಾ ಕೆಲಸದಿಂದ ಬಂದಾಗ ಮಾವ ಜಗಲಿಯ ಮೇಲೆ ಕೂತಿದ್ದರು. ಬುಜ್ಜಿ ಪಕ್ಕದಲ್ಲಿ ಮಲಗಿತ್ತು.

"ಹೊಸಾ ಪೈಪಿನ ಸುರುಳಿಗೆ ಬಾಯಿ ಹಾಕಿತ್ತು" ಎಂದರು.

ಸರಳಾ ಬಗ್ಗಿ ಬುಜ್ಜಿಯ ಮೈ ಸವರಿ ನೋಡಿದಳು.

"ಕೋಲು ಎತ್ತಿದೆ. ಅಲ್ಲೇ ಮುದುರಿಕೊಂಡು ಉಚ್ಚೆ ಹೊಯ್ಕೊಂಡ್ತು ಕಣಮ್ಮ." ಅವರು ಬುಜ್ಜಿಯ ತಲೆ ನೇವರಿಸಿದರು. "ನನ್ನ ಕಂಡ್ರೆ ಈ ಮನೇಲಿ ಯಾರೂ ಹಂಗೆ ನಡುಗಬಾರದು. ಕೋಲು ಬಿಸಾಕಿ, ನಿನ್ನಂಗೇ ಮುದ್ದೆ ತೋರಿಸ್ದೆ. ಎರಡು ಸಲ ಕೇಳಲಿಲ್ಲ. ಮೂರನೇ ಸಲ ಪೈಪು ಬಿಟ್ಟು ಬಂತು."

"ನಿಮ್ಮ ಕೈಯಿಂದ ತಿಂತಾ ಮಾವ?"

"ತಿಂತು. ಕೈಯೂ ನೆಕ್ಕಿತು." ಅವರ ಮುಖದಲ್ಲಿ ನಗು ಮೂಡಿತು. ಸರಳಾ ಮೊದಲ ಸಲ ಅವರ ಎದುರಿಗೇ ಜಗಲಿಯ ಮೇಲೆ ಕೂತಳು.

ಗಡುವಿನ ಮಾತನ್ನು ಆಮೇಲೆ ಯಾರೂ ಎತ್ತಲಿಲ್ಲ. ಈಗ ಅವಳಿಗೆ ಬೆಳಗಿನ ಪಾಳಿ ಇರುವ ವಾರ ಬುಜ್ಜಿಯನ್ನು ಏರಿಗೆ ಕರೆದೊಯ್ಯುವುದು ನರಸಿಂಹಪ್ಪ. ಹಗ್ಗ ಕಚ್ಚುವುದು ಪೂರ್ತಿ ನಿಂತಿಲ್ಲ. ಕಚ್ಚಿದಾಗ ಅವರು ನಿಂತುಬಿಡುತ್ತಾರೆ, ಅದು ಬಿಟ್ಟ ಮೇಲೆ ನಡೆಯುತ್ತಾರೆ. ಮನೆಗೆ ಬರುವುದು ಸ್ವಲ್ಪ ತಡವಾಗುತ್ತದೆ, ಅಷ್ಟೇ.