ಜಾಲಿ ಕಟ್ಟಿಗೆಗೆ ಇಳಿಯುವ ಮೊಳೆ

"ನಿಮ್ಮ ಮೆತ್ತನ್ನ ಕಟ್ಟಿಗೆ ಒಳಗಿಡ್ರಿ ಆಸಿಮ್ ಭಾಯ್. ಬೆಣ್ಣಿಗೆ ಯಾರು ಹೊಡೆದ್ರೂ ಮೊಳೆ ಇಳಿತೈತೆ," ಎನ್ನುತ್ತ ಬಡಗಿ ತಿಪ್ಪೇಶ್ ಚೀಲದಿಂದ ಜಾಲಿ ಮರದ ದಪ್ಪ ತುಂಡೊಂದನ್ನು ತೆಗೆದು ಆಸಿಮನ ಹತಾರದ ಅಂಗಡಿಯ ಕೌಂಟರಿನ ಮೇಲೆ ಕುಕ್ಕಿದ. ಹರಿಹರದಿಂದ ದಾವಣಗೆರೆವರೆಗೂ ಬಸ್ಸಿನಲ್ಲಿ ಅದನ್ನು ತೊಡೆಯ ಮೇಲಿಟ್ಟುಕೊಂಡು ಬಂದವಳು ಅವನ ಹೆಂಡತಿ ಸುಮಾ.

"ಪಕ್ಕದ ಸೀಟಿನಾಕಿ ಕೇಳಿದ್ಲು, ಕೂಸಿಗೆ ಎಷ್ಟು ತಿಂಗಳು ಅಂತ," ಎಂದಳು. ಆಸಿಮ್ ನಕ್ಕುಬಿಟ್ಟ.

ಗಾಳಿಯ ಒತ್ತಡದಲ್ಲಿ ಮೊಳೆ ಹೊಡೆಯುವ ಗನ್ನುಗಳು ಅವನಲ್ಲಿ ಎರಡು ಬಗೆಯವಿದ್ದವು. ತಿಪ್ಪೇಶನಿಗೆ ಒಂದು ಬೇಕೇ ಬೇಕು. ಬಲಭುಜ ಸವೆದಿದೆ, ಇನ್ನು ಸುತ್ತಿಗೆ ಎತ್ತುವ ಹಾಗಿಲ್ಲ ಎಂದು ಡಾಕ್ಟರು ಹೇಳಿ ತಿಂಗಳಾಗಿತ್ತು. ಸೋಮವಾರದಿಂದ ಹೊಳೆದಂಡೆಯ ಮನೆಯೊಂದರ ಹಂಚಿನ ಚಾವಣಿಗೆ ಮರ ಕೂಡಿಸಬೇಕು. ಆಗದಿದ್ದರೆ ಚಾವಣಿಯ ಕೆಲಸವೇ ಇನ್ನು ಬೇರೆಯವರದು. ಅವನ ಪಾಲಿಗೆ ಉಳಿಯುವುದು ಸ್ಟೂಲು, ಮಣೆ ಮಾಡುವ ಕೆಲಸ.

"ಹಗುರದ್ದು ತಗೊಳ್ರಿ ಅಣ್ಣ, ಭುಜಕ್ಕೆ ಆರಾಮು," ಎಂದು ಆಸಿಮ್ ಸಣ್ಣ ಗನ್ನಿಗೆ ಕಂಪ್ರೆಸರಿನ ಪೈಪು ಸಿಕ್ಕಿಸಿ ಕೊಟ್ಟ. ತಿಪ್ಪೇಶ್ ಅದರ ಮೂತಿಯನ್ನು ಜಾಲಿಗೆ ಒತ್ತಿ ಟ್ರಿಗರ್ ಎಳೆದ. ಠಪ್! ಮೊಳೆಯ ತಲೆ ಅಕ್ಕಿಕಾಳಿನಷ್ಟು ಮೇಲೆಯೇ ನಿಂತಿತು. ಗಾಳಿ ಏರಿಸಿದರೂ ಅಷ್ಟೆ.

"ಇದು ಪ್ಯಾಕಿಂಗ್ ಪೆಟ್ಟಿಗಿಗೆ ಸರಿ. ದೊಡ್ಡದು ಕೊಡ್ರಿ."

ದೊಡ್ಡದರ ಮೂರಿಂಚು ಮೊಳೆ ಒಂದೇ ಏಟಿಗೆ ತಲೆಸಮೇತ ಮುಳುಗಿತು. ತಿಪ್ಪೇಶ್ ಅಲ್ಲಿಗೂ ಬಿಡಲಿಲ್ಲ. "ಏಣಿ ಐತೇನ್ರಿ? ನಾ ಹೊಡೆಯೋದು ಟೇಬಲ್ ಮ್ಯಾಲಲ್ಲ, ತಲಿ ಮ್ಯಾಲೆ."

ಆಸಿಮ್ ಏಣಿ ತಂದಿಟ್ಟು, ಜಾಲಿ ತುಂಡನ್ನು ಎತ್ತರದ ರ್ಯಾಕಿಗೆ ಕ್ಲಾಂಪು ಹಾಕಿ ಬಿಗಿದ. ತಿಪ್ಪೇಶ್ ಮೂರು ಮೆಟ್ಟಿಲು ಏರಿ ಗನ್ನು ಎತ್ತಿದ. ಬಲಗೈ ಎದೆಮಟ್ಟಕ್ಕೆ ಬಂದು ನಿಂತಿತು. ಇನ್ನೊಮ್ಮೆ ಎತ್ತಿದ. ಅಲ್ಲಿಂದ ಮೇಲೆ ಹೋಗಲೇ ಇಲ್ಲ. ಆಸಿಮ್ ಏನೋ ಹುಡುಕುವವನಂತೆ ಮೊಳೆಯ ಡಬ್ಬಗಳ ಕಡೆ ತಿರುಗಿದ.

"ಆ ಇನ್ನೊಂದು ಕೈ ಏನು ಶೋಕಿಗೆ ಇಟ್ಕಂಡೀರೇನ್ರಿ?" ಎಂದಳು ಸುಮಾ.

"ಲೇ, ಎಡಗೈಲಿ ಯಾವ ಬಡಗಿ ಹೊಡಿತಾನೆ? ಗುರಿ ಸಿಗ್ತೈತಾ?"

"ಗುರಿ ಬೇಕಾಗಿದ್ದು ಸುತ್ತಿಗಿಗೆ. ಇದನ್ನ ಒತ್ತಿದ್ರಾತು. ಈಗ ನೀವೇ ಒತ್ತಿದ್ರಲ್ಲ!"

ತಿಪ್ಪೇಶ್ ಎಡಗೈ ನೋಡಿಕೊಂಡ. ಮೂವತ್ತು ವರ್ಷ ಬರೀ ಮೊಳೆ ಹಿಡಿದ ಕೈ. ತಪ್ಪಿದ ಏಟುಗಳನ್ನೆಲ್ಲ ತಿಂದು ಹೆಬ್ಬೆರಳಿನ ಉಗುರು ನೆಟ್ಟಗೆ ಬೆಳೆಯುವುದನ್ನೇ ಬಿಟ್ಟಿತ್ತು. ಗನ್ನನ್ನು ಆ ಕೈಗೆ ದಾಟಿಸಿದ. ಕೈ ಸಲೀಸಾಗಿ ಮೇಲಕ್ಕೆ ಹೋಯಿತು. ಒತ್ತಿದ. ಠಪ್. ನಾಲ್ಕು ಬೆರಳು ಬಿಟ್ಟು ಇನ್ನೊಂದು. ಮತ್ತೊಂದು. ಮೂರೂ ಒಂದೇ ಗೆರೆ.

"ಪ್ಯಾಕ್ ಮಾಡ್ಲೇನಣ್ಣ?" ಎಂದ ಆಸಿಮ್.

ತಿಪ್ಪೇಶನಿಗೆ ಅದು ಕೇಳಿಸಲಿಲ್ಲ. "ಸುಮಾ, ಏಣಿ ಹಿಡಿ, ಇನ್ನೊಂದಿಷ್ಟು ಹೊಡಿತೀನಿ," ಎನ್ನುತ್ತ ಇನ್ನೊಂದು ಮೆಟ್ಟಿಲು ಏರಿದ. ಅವಳು ಖಾಲಿ ಚೀಲವನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಏಣಿಯ ಬುಡಕ್ಕೆ ಪಾದ ಕೊಟ್ಟು ನಿಂತಳು.