ಗಾಳಿಕೊಳವೆಯ ಮೇಲಿನ ಆಪಾದನೆ

ಅಕ್ಟೋಬರ್ ಬಂದರೆ ಅಮೆರಿಕದ ಟೊಲೀಡೊದಲ್ಲಿ ಮನೆ ಬೆಚ್ಚಗಿಡುವ ಫರ್ನೇಸು ಶುರುವಾಗುತ್ತದೆ. ಜೊತೆಗೇ ಸುಟ್ಟ ಧೂಳಿನ ವಾಸನೆ, ಕೆಮ್ಮು. ಆಗ ಎಲ್ಲರೂ ಆ ಬಿಸಿಗಾಳಿಯನ್ನು ಕೋಣೆಗಳಿಗೆ ತರುವ ನೆಲದಡಿಯ ಗಾಳಿಕೊಳವೆಗಳನ್ನು ಬೈಯುತ್ತಾರೆ. ನಡೀನ್ ಕೂಡ ಬೈದಳು. ಗಂಡ ವರ್ಲಿನ್ ಜುಲೈನಿಂದಲೇ ಕೆಮ್ಮುತ್ತಿದ್ದ. ಅದು ಅವಳಿಗೆ ಹೊಳೆಯಲಿಲ್ಲವೋ, ಹೊಳೆಯುವುದು ಬೇಡವಾಗಿತ್ತೋ.

ವರ್ಲಿನ್‌ಗೆ ಕಾರಣ ಗೊತ್ತಿತ್ತು. ಎರಡು ವಾರದ ಹಿಂದೆ ಡಾಕ್ಟರು ಹೇಳಿದ್ದರು: ಶ್ವಾಸಕೋಶದಲ್ಲಿ ಗಡ್ಡೆ, ಹರಡಿದೆ. ಕೇಳಿಸಿಕೊಂಡು ಮನೆಗೆ ಬಂದು, ಬೀದಿಬದಿಯಲ್ಲಿದ್ದ ಕಸದ ಡಬ್ಬಿ ಒಳಗಿಟ್ಟು, ಊಟ ಮಾಡಿದ್ದ. ಭಯವೂ ಆಗಲಿಲ್ಲ, ದುಃಖವೂ ಆಗಲಿಲ್ಲ. ಜೋಮು ಹಿಡಿದ ಕಾಲಿನ ಹಾಗಿತ್ತು ಮನಸ್ಸು. ಹೆಂಡತಿಗೆ ನಾಳೆ ಹೇಳಿದರಾಯಿತು ಎಂದು ದಿನ ದೂಡುತ್ತಿದ್ದ.

"ಕೊಳವೆ ಕ್ಲೀನ್ ಮಾಡಿಸೋದಾ, ಬೇಡ್ವಾ? ಬಾಯಿ ಬಿಟ್ಟು ಹೇಳು," ಎಂದಳು ನಡೀನ್.

"ಮಾಡ್ಸು."

"ಅಬ್ಬಾ! ಹೋದ್ವರ್ಷ ದಂಡ ಅಂತ ಕುಣಿದಾಡಿದ್ದೆ. ಇವತ್ತು ಸೂರ್ಯ ಯಾವ ಕಡೆ ಹುಟ್ದ?"

ಅವನಿಗೆ ಇನ್ನೊಂದು ವಾರ ಕೊಳವೆಯ ಹೆಸರಿನಲ್ಲಿ ಕಳೆದರೆ ಸಾಕಾಗಿತ್ತು.

ಕ್ಲೀನ್ ಮಾಡುವ ಡ್ವೇನ್ ಧೂಳೆಳೆಯುವ ಮಷೀನ್ ತಳ್ಳಿಕೊಂಡು ಬಂದ. ದಪ್ಪ ಆಸಾಮಿ, ನೆಲದ ಮೇಲೆ ಬೋರಲು ಮಲಗಿ, ಕೊಳವೆ ಬಾಯಿಯ ಜಾಲರಿ ಕಿತ್ತು, ಟಾರ್ಚು ಹಾಕಿ ಒಂದೊಂದು ಕೋಣೆಯಲ್ಲೂ ನೋಡಿದ. ಕೊನೆಗೆ ಮಂಡಿ ಕೊಡವಿಕೊಂಡು ಎದ್ದ.

"ಮೇಡಂ, ಒಳಗೆ ಏನೂ ಇಲ್ಲ. ಸುಮ್ನೆ ಯಾಕೆ ದುಡ್ಡು ಹಾಳು? ಫಿಲ್ಟರ್ ಬದಲಾಯ್ಸಿ, ಸಾಕು."

ದೀಪ ಹಚ್ಚಿ ಹುಡುಕಿದರೂ ಸಿಗದ ಸತ್ಯಹರಿಶ್ಚಂದ್ರ ಇವರ ಮನೆಗೇ ಬರಬೇಕೆ!

"ಸರಿಯಾಗಿ ನೋಡಿ," ಎಂದಳು ನಡೀನ್.

"ಎಲ್ಲಾ ನೋಡ್ದೆ ಮೇಡಂ."

"ಇನ್ನೊಂದ್ಸಲ ನೋಡಿ ಅಂದೆ! ಇದ್ದೇ ಇರುತ್ತೆ. ಇಲ್ದೆ ಹೇಗೆ ಇವನು ಇಷ್ಟು..."

ವರ್ಲಿನ್‌ಗೆ ಕೆಮ್ಮು ಬಂತು. ತಡೆಯಲು ನೋಡಿದ, ಆಗಲಿಲ್ಲ. ಅದು ಮುಗಿಯುವವರೆಗೆ ಮೂವರೂ ಕಾದರು.

ನಡೀನ್ ಅವನ ಕಡೆ ತಿರುಗಿದಳು. "ಯಾವಾಗ ಗೊತ್ತಾಯ್ತು ನಿಂಗೆ?"

"ಎರಡು ವಾರ ಆಯ್ತು."

"ಡಾಕ್ಟ್ರು..."

"ಹ್ಞೂಂ. ಹರಡಿದೆಯಂತೆ."

ಡ್ವೇನ್ ತನ್ನ ಸಾಮಾನು ಎತ್ತಿಕೊಳ್ಳತೊಡಗಿದ. ನಡೀನ್ ಕೈ ಅಡ್ಡ ಹಿಡಿದಳು.

"ಮಷೀನ್ ಹಾಕಿ."

"ಮೇಡಂ, ಅಗತ್ಯ ಇಲ್ಲ ಅಂತ ಆಗ್ಲೇ..."

"ನಂಗೊತ್ತಪ್ಪಾ. ಸದ್ದು ಮಾಡುತ್ತಲ್ಲ ಅದು? ಹಾಕಿ."

ಯಂತ್ರ ಭೋರೆಂದಿತು. ಅವಳು ಗಂಡನ ಪಕ್ಕದಲ್ಲಿ ಕುಸಿದು ಕೂತು, ಬಾಯಿ ತೆರೆದು ಅತ್ತಳು. ಆ ಸದ್ದಿನಲ್ಲಿ ಏನೂ ಕೇಳಿಸಲಿಲ್ಲ. ವರ್ಲಿನ್‌ಗೆ ಆಗಲೂ ಅಳು ಬರಲಿಲ್ಲ. ಅವಳ ಕೈ ಹಿಡಿದುಕೊಂಡ. ಡ್ವೇನ್ ಇವರಿಗೆ ಬೆನ್ನು ಹಾಕಿ, ಒಂದು ಗಂಟೆ ಹೊತ್ತು, ಇಲ್ಲದ ಧೂಳನ್ನು ತೆಗೆದ.