ವಿಚಾರಿಸಲು ಹೋದ ಮನೆ

ದುರ್ಗದಬೈಲಿನ ಹಿಂದಿನ ಓಣಿಯಲ್ಲಿ ಹೆಂಗಸರ ಆಸರೆ ಕೇಂದ್ರವೊಂದಿತ್ತು. ಗಂಡನ ಹೊಡೆತ ತಾಳಲಾರದೆ ಮನೆ ಬಿಟ್ಟು ಬಂದವರಿಗೆ ಅಲ್ಲಿ ಮೂರು ತಿಂಗಳು ಇರಲು ಜಾಗ, ಊಟ, ವಕೀಲರ ನೆರವು ಸಿಗುತ್ತಿತ್ತು. ಅವರ ಜೊತೆ ದವಾಖಾನೆಗೆ, ಪೊಲೀಸ್ ಠಾಣೆಗೆ ಹೋಗುವ ಕೆಲಸ ವಿದ್ಯಾಳದು.

೨೦೦೩ರ ಮೇ ತಿಂಗಳಲ್ಲಿ, ಕೇಂದ್ರಕ್ಕೆ ನೆರವು ಕೊಡುತ್ತಿದ್ದ ದೆಹಲಿಯ ಸಂಸ್ಥೆಯಿಂದ ಒಂದು ನಮೂನೆ ಬಂತು. ಇಲ್ಲಿಂದ ಹೋದ ಪ್ರತಿಯೊಬ್ಬಳ ಮನೆಗೂ ಹೋಗಿ, ಅವಳ ಬದುಕು ಎಷ್ಟು ಸುಧಾರಿಸಿದೆ ಎಂದು ಒಂದರಿಂದ ಐದರವರೆಗೆ ಅಂಕ ಹಾಕಿ ಕಳಿಸಬೇಕಿತ್ತು.

"ಮನಿಗೇ ಹೋಗಿ ಕೇಳೂದು ಛಲೋ ಅಲ್ರಿ ಮೇಡಂ," ಎಂದಳು ವಿದ್ಯಾ.

ಕೇಂದ್ರ ನಡೆಸುತ್ತಿದ್ದ ಶಹಜಹಾನಬೇಗಂ ಕನ್ನಡಕ ತೆಗೆದು ಕಣ್ಣು ಒತ್ತಿಕೊಂಡರು. "ನನಗೂ ಗೊತ್ತೈತಿ. ದೆಹಲಿಗೆ ಎರಡು ಸಲ ಪತ್ರ ಬರದೆ, ಅವರು ಕೇಳಲಿಲ್ಲ. ನಮೂನೆ ತುಂಬಿ ಕಳಸದಿದ್ರ ರೊಕ್ಕ ನಿಲ್ಲಸ್ತಾರ. ಮ್ಯಾಲಿನ ಖೋಲ್ಯಾಗ ಒಂಬತ್ತು ಮಂದಿ ಅದಾರಲ್ಲ, ಕೇಂದ್ರ ಮುಚ್ಚಿದ್ರ ಅವರನ್ನ ಎಲ್ಲಿ ಕಳಸ್ಲಿ? ಗಂಡಸರು ಕೆಲಸಕ್ಕ ಹೋದ ಹೊತ್ತು ನೋಡಿ ಹೋಗು."

ರೇಣವ್ವನ ಮನೆ ಗೋಪನಕೊಪ್ಪದಲ್ಲಿತ್ತು. ಎರಡು ವರ್ಷದ ಹಿಂದೆ ತುಟಿ ಹರಿದುಕೊಂಡು, ಕಂಕುಳಲ್ಲಿ ಕೂಸನ್ನೆತ್ತಿಕೊಂಡು ಬಂದವಳು. ಗಂಡ ಮೈಲಾರಿ ಹಿರಿಯರೆದುರು ಇನ್ನು ಕೈ ಎತ್ತುವುದಿಲ್ಲವೆಂದು ಬರೆದುಕೊಟ್ಟ ಮೇಲೆ ತಿರುಗಿ ಹೋಗಿದ್ದಳು.

ವಿದ್ಯಾ ಮಧ್ಯಾಹ್ನ ಹನ್ನೆರಡಕ್ಕೆ ಹೋದಳು. ಆದರೆ ಅಂದು ಮೈಲಾರಿ ಕೆಲಸ ಮಾಡುವ ಗ್ಯಾರೇಜಿಗೆ ಅಮಾವಾಸ್ಯೆಯ ಸೂಟಿ. ಬಾಗಿಲು ತೆರೆದವನು ಅವನೇ.

"ಬರ್ರಿ, ಒಳಗ ಬರ್ರಿ," ಎಂದು, ಕೇಂದ್ರದವಳೆಂದು ಗುರುತು ಹಿಡಿದು ನಕ್ಕ. "ಏನ್ ಕೇಳ್ತೀರಿ, ನನ್ನ ಮುಂದನ ಕೇಳ್ರಿ."

ಹಾಗೇ ಎದ್ದು ಬಂದರೆ ಅವನಿಗೆ ಅನುಮಾನ ಬರುತ್ತದೆಂದು ವಿದ್ಯಾ ಕೂತಳು. ಊಟ, ನಿದ್ದೆ, ಆರೋಗ್ಯದಂಥ ಸಾದಾ ಪ್ರಶ್ನೆಗಳನ್ನಷ್ಟೇ ಕೇಳಿದಳು. ರೇಣವ್ವ ಗೋಡೆಗೆ ಒರಗಿ ನಿಂತು ಎಲ್ಲದಕ್ಕೂ "ಆರಾಮ ಅದೀನ್ರಿ" ಎಂದಳು. ಮೈಲಾರಿ ನಮೂನೆಯನ್ನು ಕೈಯಿಂದ ಇಸಿದುಕೊಂಡು, ವಿದ್ಯಾ ಕೇಳದೆ ಬಿಟ್ಟಿದ್ದ ಸಾಲಿನ ಮೇಲೆ ಬೆರಳಿಟ್ಟು ಗಟ್ಟಿಯಾಗಿ ಓದಿದ: "ಗಂಡ ಈಗಲೂ ಹೊಡೆಯುತ್ತಾನೆಯೇ?"



"ಐದು ಹಾಕ್ರಿ," ಎಂದು ಅವನು ಹಾಳೆ ತಿರುಗಿ ಕೊಟ್ಟ.

ಕಳಿಸಲು ಓಣಿಯ ನಳದವರೆಗೆ ಬಂದ ರೇಣವ್ವ ಮೆಲ್ಲಗೆ ಕೇಳಿದಳು: "ಯಾಕ ಬಂದ್ರಿ ಅಕ್ಕಾರ? ವರ್ಷಾತು, ಅಂವಾ ಕೈ ಎತ್ತಿದ್ದಿಲ್ಲ. ನಾ ಮನಿ ಬಿಟ್ಟು ಹೋಗಿದ್ದನ್ನ ಮರತಿದ್ದ. ಇವತ್ತ ನೀವು ನೆನಪು ಮಾಡಿಕೊಟ್ರಿ."

ವಿದ್ಯಾ ಅವಳ ಕೈ ಹಿಡಿದಳು. "ಈಗ ನನ್ನ ಕೂಡ ಬಾ. ಹಿಂಗ ನಡಿ."

"ಮಗಳು ಒಳಗ ಮಲಗ್ಯಾಳ್ರಿ."

ಅಷ್ಟರಲ್ಲಿ ಮೈಲಾರಿ ಹೊಸ್ತಿಲಿಂದ "ರೇಣೀ" ಎಂದು ಕೂಗಿದ. ಕೂಗಿನಲ್ಲಿ ಸಿಟ್ಟೇನೂ ಇರಲಿಲ್ಲ. ಅವಳು ಓಡಿದಳು. ಬಾಗಿಲು ಮುಚ್ಚಿತು.

ವಿದ್ಯಾ ಮೂಲೆಯ ಎಸ್‌ಟಿಡಿ ಬೂತಿನಿಂದ ಕೇಂದ್ರಕ್ಕೆ ಫೋನ್ ಮಾಡಿದಳು. ಶಹಜಹಾನಬೇಗಂ ಎಲ್ಲವನ್ನೂ ಕೇಳಿಸಿಕೊಂಡರು. "ಪೊಲೀಸರಿಗೆ ಏನಂತ ಹೇಳ್ಲಿ, ವಿದ್ಯಾ? ಇನ್ನೂ ಏನೂ ಆಗಿಲ್ಲ ಅಂತಾರ."

ಐದನೆಯ ದಿನ ದವಾಖಾನೆಯ ನರ್ಸೊಬ್ಬಳು ಸುದ್ದಿ ಮುಟ್ಟಿಸಿದಳು. ವಿದ್ಯಾ ಹೋದಾಗ ರೇಣವ್ವನ ಎಡಗೈಗೆ ಪ್ಲಾಸ್ಟರ್ ಹಾಕಿದ್ದರು. ಮಂಚದ ಪಕ್ಕ ಕೂತ ಮೈಲಾರಿ ಮೋಸಂಬಿ ಸುಲಿದು ಒಂದೊಂದೇ ತೊಳೆ ಅವಳ ಬಾಯಿಗಿಡುತ್ತಿದ್ದ.

"ಬಚ್ಚಲದಾಗ ಜಾರಿ ಬಿದ್ದೀನ್ರಿ," ಎಂದಳು ರೇಣವ್ವ, ಕೇಳುವ ಮೊದಲೇ. ಆಮೇಲೆ ಗೋಡೆಯ ಕಡೆ ಮುಖ ತಿರುಗಿಸಿದಳು.

ಅವಳು ಹೇಳದೆ ದೂರು ಬರೆಯುವಂತಿರಲಿಲ್ಲ. ವಿದ್ಯಾ ಕೇಂದ್ರಕ್ಕೆ ಬಂದು ಹೋಗಬೇಕಾದ ಮನೆಗಳ ಪಟ್ಟಿಯನ್ನು ಮೇಜಿನ ಮೇಲಿಟ್ಟು, ಇನ್ನು ಯಾರ ಮನೆಗೂ ಹೋಗುವುದಿಲ್ಲ ಎಂದಳು. ಶಹಜಹಾನಬೇಗಂ ಜೋರು ಮಾಡಲಿಲ್ಲ. "ನೀ ಹೋಗಲಿಲ್ಲಂದ್ರ ದೆಹಲಿಯಿಂದ ಬ್ಯಾರೆಯವರನ್ನ ಕಳಸ್ತಾರಂತ. ಅವರಿಗೆ ಯಾವ ಹೊತ್ತಿಗೆ ಹೋಗಬೇಕು ಅನ್ನೂದೂ ಗೊತ್ತಿರೂದಿಲ್ಲ," ಎಂದರಷ್ಟೆ.

ಮರುದಿನ ಅವಳು ಧಾರವಾಡದ ಬಸ್ಸು ಹತ್ತಿದಳು. ಪಟ್ಟಿಯಲ್ಲಿ ಮುಂದಿನ ಹೆಸರು ಸಾವಕ್ಕ. ಮನೆ ಸಿಕ್ಕಿತು. ಒಳಗೆ ಕುಕ್ಕರ್ ಸೀಟಿ ಹೊಡೆಯುತ್ತಿತ್ತು, ಗಂಡಸೊಬ್ಬ ಕೆಮ್ಮಿದ, ಆಮೇಲೆ ಸಾವಕ್ಕನ ನಗು ಕೇಳಿಸಿತು. ಅದು ಎಂಥ ನಗುವೆಂದು ಹೊರಗೆ ನಿಂತು ತಿಳಿಯುವಂತಿರಲಿಲ್ಲ. ಬಾಗಿಲು ಬಡಿಯಲು ಎತ್ತಿದ ಕೈಯನ್ನು ವಿದ್ಯಾ ಇಳಿಸಿದಳು.

ಬಸ್ ನಿಲ್ದಾಣದ ಕಲ್ಲುಬೆಂಚಿನ ಮೇಲೆ ಕೂತು, ಸಾವಕ್ಕನ ಹೆಸರಿನ ಮುಂದೆ "ಮನೆಗೆ ಬೀಗ ಹಾಕಿತ್ತು" ಎಂದು ಬರೆದಳು. ಇನ್ನೂ ಮೂವತ್ತೊಂದು ಮನೆಗಳಿದ್ದವು.